ಬೇರಿನಿಂದ ಬರುವ ಜೀಗುಜ್ಜೆ

ಜೀಗುಜ್ಜೆಯನ್ನು ಹೆಚ್ಚಿದವರಿಗೆ ಗೊತ್ತು, ಒಳಗೆ ಬಿತ್ತುವಂಥದ್ದು ಏನೂ ಸಿಗುವುದಿಲ್ಲ. ಹಲಸಿನ ದಾಯಾದಿಯೇ ಸರಿ. ಅಂಥದೇ ಮೇಣ, ನಡುವೆ ಅಂಥದೇ ಗೂಂಜು. ಬೀಜ ಮಾತ್ರ ಇಲ್ಲ. ಹಕ್ಕಿ ತಿಂದು ಉದುರಿಸಿದಲ್ಲಿ ಹುಟ್ಟುವ ಮರ ಇದಲ್ಲ. ತೆಂಗಿನ ಹಾಗೆ ಕಡಲಲ್ಲಿ ತೇಲಿ ಹೊಸ ದಡದಲ್ಲಿ ಮೊಳೆಯುವ ಶಕ್ತಿಯೂ ಇದಕ್ಕಿಲ್ಲ. ಮಂಗಳೂರಿನ ಹಿತ್ತಿಲಿನಿಂದ ತಾಹಿತಿಯವರೆಗೆ ಎಲ್ಲೇ ಬೀಜವಿಲ್ಲದ ಜೀಗುಜ್ಜೆ ಕಂಡರೂ, ಅದನ್ನು ಬೇರು ಸಮೇತ ಹೊತ್ತು ತಂದವರು ಒಬ್ಬರಿದ್ದರು ಎಂದೇ ಅರ್ಥ.

ಜನರ ಕಲ್ಪನೆಯಲ್ಲಿ ಬೆಳೆದ ಕಥೆ ಇದಕ್ಕೆ ತೀರಾ ವಿರುದ್ಧ. 1769ರಲ್ಲಿ ಕ್ಯಾಪ್ಟನ್ ಕುಕ್ ಜತೆ ತಾಹಿತಿಗೆ ಬಂದಿಳಿದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಈ ಮರಗಳನ್ನು ಕಂಡು ಬೆರಗಾದ. ಒಬ್ಬ ಮನುಷ್ಯ ಬದುಕಿನಲ್ಲಿ ಹತ್ತು ಮರ ನೆಟ್ಟರೆ ಸಾಕು, ತನ್ನ ಕಾಲದವರಿಗೂ ಮುಂದಿನವರಿಗೂ ಸಲ್ಲಬೇಕಾದ್ದನ್ನು ಸಲ್ಲಿಸಿದಂತೆ ಎಂಬ ಮಾತು ಆ ಯಾನದ ಬರಹಗಳಿಂದ ಯುರೋಪಿನ ತುಂಬ ಹರಡಿತು. ಉಳುಮೆಯಿಲ್ಲ, ಕೊಯ್ಲಿಲ್ಲ, ಮರ ಹತ್ತಿದರೆ ರೊಟ್ಟಿ! ದುಡಿಯದೆ ಉಣ್ಣುವ ಸ್ವರ್ಗವೊಂದು ಅವರ ಕಣ್ಣಮುಂದೆ ನಿಂತಿತು. ಬೆಳೆದು ನಿಂತ ಮರವನ್ನಷ್ಟೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಮನುಷ್ಯನ ಕೈಯನ್ನು ಇಷ್ಟು ನೆಚ್ಚಿಕೊಂಡ ಮರಗಳು ತೀರಾ ಕಡಿಮೆ.

ಆ ಕೈಕೆಲಸ ಶುರುವಾಗುವುದು ಬೇರಿನಲ್ಲಿ. ಕೊಂಬೆ ಕಡಿದು ನೆಲಕ್ಕೆ ಚುಚ್ಚಿದರೆ ಜೀಗುಜ್ಜೆ ಸುಲಭಕ್ಕೆ ಹಿಡಿಯುವುದಿಲ್ಲ. ಬೇರುಗಳು ಮಾತ್ರ ಮಣ್ಣಿನ ಮೇಲ್ಪದರದಲ್ಲೇ ದೂರದೂರ ಹರಿದಿರುತ್ತವೆ. ಗುದ್ದಲಿಯ ಪೆಟ್ಟು ಬಿದ್ದಲ್ಲಿ, ಮಳೆಗೆ ಮಣ್ಣು ಕೊಚ್ಚಿಹೋಗಿ ಬೆಳಕು ಕಂಡಲ್ಲಿ, ಬೇರು ಚಿಗುರುತ್ತದೆ. ಕೆಲಸ ಬಲ್ಲವರು ಆ ಪೆಟ್ಟನ್ನು ಬೇಕೆಂದೇ ಹದವಾಗಿ ಕೊಡುತ್ತಾರೆ. ಬುಡದಿಂದ ಸ್ವಲ್ಪ ಸರಿದು, ಹೆಬ್ಬೆರಳಿನಷ್ಟಾದರೂ ದಪ್ಪವಿರುವ ಬೇರನ್ನು ಹುಡುಕಿ, ಮಣ್ಣನ್ನು ಸರಿಸಿ ಸಿಪ್ಪೆಗೆ ಗಾಯ ಮಾಡುತ್ತಾರೆ. ಚಿಗುರು ಬಂದಿತೆಂದು ಕೂಡಲೇ ಕೀಳುವಂತಿಲ್ಲ. ಗೇಣುದ್ದ ಬೆಳೆದ ಮೇಲೆ ತಾಯಿಮರದಿಂದ ಬರುವ ಬೇರನ್ನು ಕತ್ತರಿಸಿ, ಸಸಿಯನ್ನು ಕೆಲವು ವಾರ ಇದ್ದಲ್ಲೇ ಬಿಡಬೇಕು. ಸ್ವಂತ ಬೇರು ಬಿಟ್ಟು ನಿಲ್ಲುತ್ತದೋ ಬಾಡುತ್ತದೋ ಅಲ್ಲೇ ತಿಳಿಯುತ್ತದೆ. ನಿಂತದ್ದನ್ನು ಬೇರಿನ ತುಂಡು, ಮಣ್ಣಿನ ಹೆಂಟೆ ಸಮೇತ ಎತ್ತಿ ನೆರಳಿಗೆ ತರುತ್ತಾರೆ. ಗೇಣುದ್ದದ ಬೇರಿನ ತುಂಡುಗಳನ್ನೇ ಮರಳು ಬೆರೆಸಿದ ಮಣ್ಣಿನಲ್ಲಿ ಓರೆಯಾಗಿ ಹೂಳುವುದೂ ಉಂಟು. ನೀರು ಹೆಚ್ಚಾದರೆ ಅವು ಕೊಳೆಯುತ್ತವೆ, ಎರಡು ದಿನ ಮರೆತರೆ ಒಣಗುತ್ತವೆ. ಹೀಗೆ ಎದ್ದ ಗಿಡ ಮೂರರಿಂದ ಆರು ವರ್ಷದಲ್ಲಿ ಫಲ ಕೊಡುತ್ತದೆ. ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಜೀಗುಜ್ಜೆ ಸಸಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೂ ಹೀಗೆ, ಬೇರಿನಿಂದಲೇ.

ಇದೇ ವಿದ್ಯೆಯನ್ನು ಪೆಸಿಫಿಕ್ ಸಾಗರದ ನಾವಿಕರು ಜೋಡುದೋಣಿಯ ಮೇಲೆ ಮಾಡಿ ತೋರಿಸಿದರು ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ಮರದ ಮೂಲ ಪೂರ್ವಜ ನ್ಯೂಗಿನಿಯದು, ಅದರ ಕಾಯಿಯ ತುಂಬ ಬೀಜ. ಅಲ್ಲಿಂದ ದ್ವೀಪ ದ್ವೀಪ ದಾಟಿ ಪೂರ್ವಕ್ಕೆ ಹೋದಂತೆ ಬೀಜ ಕಡಿಮೆಯಾಗುತ್ತ, ತಾಹಿತಿ ಮತ್ತು ಹವಾಯಿಯ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಲೆಮಾರುಗಟ್ಟಲೆ ಜನ ತಿರುಳು ಹೆಚ್ಚಿದ್ದನ್ನೇ ಆರಿಸಿ, ಅದರ ಬೇರನ್ನೇ ಮುಂದಕ್ಕೆ ಒಯ್ದ ಫಲ ಇದು. ಉಪ್ಪುಗಾಳಿ ಬೀಸುವ ತೆರೆದ ದೋಣಿಯಲ್ಲಿ, ಕುಡಿಯುವ ನೀರನ್ನೇ ಅಳೆದು ಬಳಸುವಾಗ, ಎಳೆ ಬೇರಿನ ತೇವ ಆರದಂತೆ ನೋಡಿಕೊಂಡವರು ಅವರು.

ಹವಾಯಿಯ ಪುರಾಣವೊಂದರಲ್ಲಿ ಕೂ ಎಂಬ ದೇವರು ಮನುಷ್ಯರ ನಡುವೆ ಹೆಂಡತಿ ಮಕ್ಕಳೊಂದಿಗೆ ಬಾಳುತ್ತಿರುತ್ತಾನೆ. ಬರ ಬಂದು ಮಕ್ಕಳು ಹಸಿದಾಗ, ಹೆಂಡತಿಯ ಒಪ್ಪಿಗೆ ಪಡೆದು, ತಲೆ ಕೆಳಗಾಗಿ ನೆಲದೊಳಕ್ಕೆ ಇಳಿದುಹೋಗುತ್ತಾನೆ. ಅವಳು ಅಲ್ಲೇ ಕೂತು ಅಳುತ್ತಾಳೆ. ಕಣ್ಣೀರಿಗೆ ನೆನೆದ ಜಾಗದಲ್ಲಿ ಜೀಗುಜ್ಜೆ ಮರ ಏಳುತ್ತದೆ. ನನಗೆ ಕಥೆಯ ಕೊನೆಯ ಭಾಗ ಬಹಳ ಇಷ್ಟ. ಆ ಮರದ ಸುತ್ತ ಸಸಿಗಳು ಹುಟ್ಟುತ್ತವೆ, ಅವನ್ನು ನೆಂಟರಿಷ್ಟರಿಗೆ ನೆಡಲು ಹಂಚುತ್ತಾರೆ. ಬೇರಿನಿಂದ ಸಸಿ ಏಳುವುದನ್ನು ದಿನಾ ಕಂಡ ಜನ ಮಾತ್ರ ಕಟ್ಟಬಲ್ಲ ಕಥೆ ಇದು.

ನೆಟ್ಟು ಬೆಳೆಸಿದರೆ ಕೆಲಸ ಮುಗಿಯಲಿಲ್ಲ. ಕಾಯಿ ಬಲಿತರೆ ಒಟ್ಟೊಟ್ಟಿಗೆ ಬಲಿಯುತ್ತದೆ, ಕೊಯ್ದ ಮೇಲೆ ಕೆಲವೇ ದಿನದಲ್ಲಿ ಮೆತ್ತಗಾಗುತ್ತದೆ. ಮಾರ್ಕೆಸಸ್ ದ್ವೀಪಗಳವರು ಇದಕ್ಕೆ ನೆಲದಲ್ಲೇ ಉಗ್ರಾಣ ಮಾಡಿಕೊಂಡರು. ಬಲಿತ ಕಾಯಿಯ ಸಿಪ್ಪೆ, ಗೂಂಜು ತೆಗೆದು, ಮೆತ್ತಗಾಗಲು ಬಿಟ್ಟು, ಎಲೆ ಹಾಸಿದ ಗುಂಡಿಗೆ ಒತ್ತಿ ತುಂಬಿ, ಮೇಲೆ ಮತ್ತೆ ಎಲೆ ಮುಚ್ಚಿ ಕಲ್ಲು ಹೇರುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ತಿರುಳು ಹುಳಿಯುತ್ತದೆ, ಆ ಹುಳಿಯೇ ಅದನ್ನು ಕೆಡದಂತೆ ಕಾಯುತ್ತದೆ. ಎಲೆ ಹಳತಾದಂತೆ ಬದಲಿಸುತ್ತ ವರ್ಷಗಟ್ಟಲೆ ಇಡಬಹುದಿತ್ತು. ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪು ಹಾಕಿಡುವ ಹಲಸಿನ ಸೊಳೆಯನ್ನು ಬಲ್ಲ ನಮ್ಮವರಿಗೆ ಈ ಜಾಣ್ಮೆ ಬಿಡಿಸಿ ಹೇಳಬೇಕಿಲ್ಲ. ಮಾ ಎಂದು ಕರೆಯುವ ಈ ಹುಳಿ ಹಿಟ್ಟನ್ನು, ಆಗತಾನೆ ಸುಟ್ಟ ಜೀಗುಜ್ಜೆಯೊಂದಿಗೆ ಕಲ್ಲಿನ ಗುಂಡಿನಿಂದ ಕುಟ್ಟಿ ನಾದಿ ಪೊಪೊಯಿ ಮಾಡುತ್ತಾರೆ. ಮಾರ್ಷಲ್ ದ್ವೀಪಗಳಲ್ಲಿ ಗುಂಡಿಗೆ ಹಾಕುವ ಮೊದಲು ಕಡಲ ನೀರಿನಲ್ಲಿ ನೆನೆಸುವ ಪದ್ಧತಿ. ಚಂಡಮಾರುತ ಬಂದು ಮರಗಳೆಲ್ಲ ಉರುಳಿದ ವರ್ಷ ಊರನ್ನು ಉಳಿಸಿದ್ದು ಇಂಥ ಗುಂಡಿಗಳೇ.

ತಾಹಿತಿಯ ಜೀಗುಜ್ಜೆ ಸಸಿಗಳನ್ನು ವೆಸ್ಟ್ ಇಂಡೀಸ್‌ಗೆ ಒಯ್ಯಲು ಹೊರಟ ಬೌಂಟಿ ಹಡಗಿನ ದಂಗೆಯನ್ನು ಸಿನಿಮಾಗಳಲ್ಲಿ ನೋಡಿದವರು ಬಹಳ ಮಂದಿ. ಕ್ಯಾಪ್ಟನ್ ಬ್ಲೈ, ದಂಗೆಯ ಮುಂದಾಳು ಫ್ಲೆಚರ್ ಕ್ರಿಶ್ಚಿಯನ್ ಇಬ್ಬರೂ ನೆನಪಿರುತ್ತಾರೆ. ಡೇವಿಡ್ ನೆಲ್ಸನ್ ಎಂಬ ತೋಟಗಾರ ನೆನಪಾಗುವುದಿಲ್ಲ. ಹಡಗಿನ ದೊಡ್ಡ ಕೋಣೆಯನ್ನೇ ಸಸಿಮಡಿ ಮಾಡಿದ್ದರು. ಹಲಗೆಗೆ ಸಾಲಾಗಿ ತೂತು ಕೊರೆದು ಕುಂಡಗಳನ್ನು ಕೂರಿಸಿ, ಕೆಳಗೆ ಸೀಸದ ತಗಡು ಹಾಸಿ, ಕುಂಡದಿಂದ ಸೋರಿದ ನೀರನ್ನು ಹಿಡಿದು ಮತ್ತೆ ಹಾಕುವ ಏರ್ಪಾಟು. 1788ರ ಅಕ್ಟೋಬರಿನಿಂದ ಐದು ತಿಂಗಳಿಗೂ ಹೆಚ್ಚು ತಾಹಿತಿಯಲ್ಲಿದ್ದು, ಸ್ಥಳೀಯರ ನೆರವಿನಿಂದ 1,015 ಸಸಿ ಕೂಡಿಸಿದರು. 1789ರ ಏಪ್ರಿಲ್ 28ರಂದು ದಂಗೆಯೆದ್ದವರು ಅವನ್ನು ಸಮುದ್ರಕ್ಕೆ ಎಸೆದರು. ಅವರು ಹೊರಹಾಕಿದ ಬ್ಲೈ ಜತೆ ಚಿಕ್ಕ ದೋಣಿಯಲ್ಲಿ ತಿಮೋರ್ ಮುಟ್ಟಿದ ನೆಲ್ಸನ್ ಅಲ್ಲೇ ಜ್ವರದಿಂದ ತೀರಿಕೊಂಡ. ಬ್ಲೈಯ ಎರಡನೇ ಯಾನದಲ್ಲಿ, ಪ್ರಾವಿಡೆನ್ಸ್ ಹಡಗಿನಲ್ಲಿ ತಾಹಿತಿಯಿಂದ ಹೊರಟ 2,126 ಸಸಿಗಳಲ್ಲಿ 678 ಜೀವಂತವಾಗಿ 1793ರಲ್ಲಿ ವೆಸ್ಟ್ ಇಂಡೀಸ್ ತಲುಪಿದವು. ಅರ್ಧ ಭೂಮಿ ಸುತ್ತಿದ ಆ ದಾರಿಯಲ್ಲಿ ಅಷ್ಟನ್ನು ಉಳಿಸಿದ್ದು ಸಣ್ಣ ಸಾಧನೆಯಲ್ಲ. ಉದ್ದೇಶ ಮಾತ್ರ ಕ್ರೂರವಾಗಿತ್ತು: ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ. ಆ ಜನ ಮೊದಮೊದಲು ಅದನ್ನು ಬಾಯಿಗಿಡಲಿಲ್ಲ. ಕಾಲಾಂತರದಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಇಡಿಯ ಕಾಯನ್ನು ಕೆಂಡದಲ್ಲಿ ಸುಡುವ ತಮ್ಮದೇ ಅಡುಗೆ ಕಟ್ಟಿಕೊಂಡರು. ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನು ಇವತ್ತು ಸೇಂಟ್ ವಿನ್ಸೆಂಟ್ ದೇಶದ ರಾಷ್ಟ್ರೀಯ ಊಟ.

ಹವಾಯಿಯ ಮಾವಿ ದ್ವೀಪದ ಕಹಾನು ತೋಟದಲ್ಲಿ ಈಗ ಜೀಗುಜ್ಜೆಯ ನೂರಕ್ಕೂ ಹೆಚ್ಚು ತಳಿಗಳನ್ನು ಸಾಕಿದ್ದಾರೆ. ಡಯಾನ್ ರಾಗೋನ್ ಎಂಬ ಸಸ್ಯವಿಜ್ಞಾನಿ ವರ್ಷಗಟ್ಟಲೆ ದ್ವೀಪಗಳನ್ನು ಸುತ್ತಿ ಅವುಗಳಲ್ಲಿ ಬಹಳಷ್ಟನ್ನು ತಂದರು. ಒಂದೊಂದು ತಳಿ ಫಲ ಕೊಡುವ ತಿಂಗಳು ಬೇರೆಯಾದ್ದರಿಂದ, ಆರಿಸಿ ನೆಟ್ಟರೆ ವರ್ಷದ ಬಹುಪಾಲು ಕಾಯಿ ಸಿಗುತ್ತದೆ. ಆಯ್ದ ತಳಿಗಳನ್ನು ಅಂಗಾಂಶ ಕೃಷಿಯಲ್ಲಿ ಬೆಳೆಸಿ ಬೇರೆ ದೇಶಗಳಿಗೂ ಕಳುಹಿಸುತ್ತಿದ್ದಾರೆ. ಶೀಶೆಯಿಂದ ಹೊರತೆಗೆದ ಆ ಎಳೆಸಸಿಗೂ ಮೊದಲು ಬೇಕಾದ್ದು ನೆರಳು, ತೇವ, ಮತ್ತು ಕೆಲವು ವಾರ ಬಿಡದೆ ಬಂದು ನೋಡುವ ಒಬ್ಬ ತೋಟಗಾರ.