ಶೇಷ ಉಳಿಯದ ಭಾಗಾಕಾರ: ಮಕ್ಕಳ ಅಭ್ಯಾಸಕ್ಕೆ ಗ್ರಾಮ ಪಂಚಾಯಿತಿಯ ನೆರವು

ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸುವ ಲೆಕ್ಕವೊಂದನ್ನು ಕೊಡಲಾಗುತ್ತದೆ. 2024ರ ವರದಿಯಂತೆ ದೇಶದ ಗ್ರಾಮೀಣ ಪ್ರದೇಶಗಳಲ್ಲಿ 5ನೇ ತರಗತಿಯ ಹತ್ತು ಮಕ್ಕಳ ಪೈಕಿ ಸುಮಾರು ಮೂವರು ಮಾತ್ರ ಅದನ್ನು ಬಿಡಿಸಿದ್ದಾರೆ. ಭಾಗಾಕಾರ ಬಾರದ ಮಗುವಿಗೆ ಮುಂದೆ ಭಿನ್ನರಾಶಿ, ಸರಾಸರಿ, ಶೇಕಡಾವಾರು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ಬೋಧನೆಯು ಶಿಕ್ಷಕರ ಹೊಣೆಯಾಗಿದ್ದರೂ, ಶಾಲೆಯ ಹೊರಗಿನ ಅಭ್ಯಾಸಕ್ಕೆ ಸ್ಥಳ ಹಾಗೂ ಸಾಮಗ್ರಿ ಒದಗಿಸುವುದು ಪಂಚಾಯಿತಿಗೆ ಸಾಧ್ಯವಿರುವ ಕೆಲಸ. ಸದಸ್ಯರು ಇದಕ್ಕಾಗಿ ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಭಾಗಾಕಾರಕ್ಕೆ ಎರಡು ಅರ್ಥಗಳಿವೆ. 12 ಹುಣಸೆ ಬೀಜಗಳನ್ನು 3 ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ 4 ಬೀಜ ಬರುತ್ತದೆ, ಇದು ಹಂಚಿಕೆ. ಅದೇ 12 ಬೀಜಗಳನ್ನು ಮೂರು ಮೂರರಂತೆ ಗುಂಪು ಮಾಡಿದರೆ 4 ಗುಂಪುಗಳಾಗುತ್ತವೆ, ಇದು ವಿಂಗಡಣೆ. ಉತ್ತರ ಒಂದೇ, ಆದರೆ ಮೊದಲನೆಯದರಲ್ಲಿ 4 ಎಂಬುದು ಪಾಲು, ಎರಡನೆಯದರಲ್ಲಿ ಗುಂಪುಗಳ ಎಣಿಕೆ. ಈ ಎರಡನ್ನೂ ಕೈಯಿಂದ ಮಾಡಿ ನೋಡದೆ ‘ಭಾಗಿಸು, ಗುಣಿಸು, ಕಳೆ, ಇಳಿಸು’ ಎಂಬ ಕ್ರಮವನ್ನು ಬಾಯಿಪಾಠ ಮಾಡಿದ ಮಗು ಒಂದು ಹೆಜ್ಜೆ ಮರೆತರೂ ದಿಕ್ಕುಗಾಣದೆ ನಿಲ್ಲುತ್ತದೆ.

ಆರಂಭದ ಲೆಕ್ಕಗಳಲ್ಲಿ ಶೇಷ ಉಳಿಯಬಾರದು. ಆಗ ಮಾತ್ರ ಭಾಗಾಕಾರವು ಮಗ್ಗಿಯನ್ನೇ ಹಿಂದಿನಿಂದ ಓದಿದಂತೆ ಎಂಬುದು ಮಗುವಿಗೆ ಸ್ಪಷ್ಟವಾಗುತ್ತದೆ. ಇಂತಹ ಲೆಕ್ಕಗಳನ್ನು ರಚಿಸಲು ವಿಶೇಷ ಪರಿಣತಿ ಬೇಡ. ಮೊದಲು ಗುಣಿಸಿ, ಬಂದ ಗುಣಲಬ್ಧವನ್ನೇ ಭಾಜ್ಯವಾಗಿ ಕೊಟ್ಟರಾಯಿತು. 6 ಮತ್ತು 7ನ್ನು ಗುಣಿಸಿದರೆ 42. ಅದರಿಂದ 42ನ್ನು 6ರಿಂದ ಭಾಗಿಸು, 42ನ್ನು 7ರಿಂದ ಭಾಗಿಸು ಎಂಬ ಎರಡು ಲೆಕ್ಕಗಳು ದೊರೆಯುತ್ತವೆ. ಮನಸ್ಸಿಗೆ ಬಂದ ಸಂಖ್ಯೆಗಳನ್ನು ಬರೆದುಕೊಟ್ಟರೆ ಶೇಷ ಉಳಿದು, ಮಗು ತಾನೇ ತಪ್ಪು ಮಾಡಿದೆನೆಂದು ಭಾವಿಸುತ್ತದೆ.

ಸಾಮಗ್ರಿಗೆ ದೊಡ್ಡ ಅನುದಾನವೂ ಬೇಕಿಲ್ಲ. ಶಾಲೆಗೆ ಬರುವ ಮೊಟ್ಟೆಯ ಟ್ರೇಯನ್ನೇ ನೋಡಿ: ಸಾಲಿಗೆ 5ರಂತೆ 6 ಸಾಲು, ಒಟ್ಟು 30. ಖಾಲಿ ಟ್ರೇಯಲ್ಲಿ ಬೀಜಗಳನ್ನಿಟ್ಟು ಎಣಿಸುವ ಮಗುವಿಗೆ 30ನ್ನು 5ರಿಂದ ಭಾಗಿಸಿದರೆ 6, 6ರಿಂದ ಭಾಗಿಸಿದರೆ 5 ಎಂಬುದು ಕಣ್ಣಿಗೇ ಕಾಣುತ್ತದೆ. ಅಳಗುಳಿ ಮಣೆ ಇದಕ್ಕಿಂತಲೂ ಉತ್ತಮ. (ಕರಾವಳಿಯವರು ಇದನ್ನು ಚೆನ್ನೆಮಣೆ ಎನ್ನುತ್ತಾರೆ.) ಎರಡು ಸಾಲುಗಳಲ್ಲಿ ಏಳೇಳು ಕುಳಿಗಳಂತೆ ಒಟ್ಟು 14 ಕುಳಿಗಳಿಗೆ 56 ಬೀಜ ಹಂಚಿದರೆ ಕುಳಿಗೆ 4, ಒಂದೇ ಸಾಲಿನ 7 ಕುಳಿಗಳಿಗೆ ಹಂಚಿದರೆ 8. ಅನೇಕ ಮನೆಗಳ ಅಟ್ಟದಲ್ಲಿ ಮಣೆಗಳು ಸುಮ್ಮನೆ ಬಿದ್ದಿರುತ್ತವೆ. ಕೇಳಿದರೆ ಹಿರಿಯರು ಸಂತೋಷದಿಂದ ಕೊಡುವರು. ಬೀಜಗಳು ಅಂಗನವಾಡಿ ವಯಸ್ಸಿನ ಮಕ್ಕಳ ಕೈಗೆ ಸಿಗದಂತೆ ಮಾತ್ರ ಎಚ್ಚರ ವಹಿಸಬೇಕು.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವು ಈ ಅಭ್ಯಾಸಕ್ಕೆ ತಕ್ಕ ಸ್ಥಳ. ಸಂಜೆಯ ಹೊತ್ತು 15-20 ನಿಮಿಷ ಸಾಕು. ಇನ್ನು 4 ಮತ್ತು 5ನೇ ತರಗತಿಗಳಿಗಾಗಿ ಗಣಿತ ಕಲಿಕಾ ಆಂದೋಲನದಡಿ ನೀಡಿರುವ ಕಲಿಕಾ ಕಿಟ್ ಶಾಲೆಯ ಬೀರುವಿನಲ್ಲಿಯೇ ಉಳಿದಿದ್ದರೆ, ಅದರ ಬಳಕೆಯ ಬಗ್ಗೆ ಎಸ್‌ಡಿಎಂಸಿ ಸಭೆಯಲ್ಲಿ ವಿಚಾರಿಸಬಹುದು. ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಒಳ್ಳೆಯವೇ. ಆದರೆ ಬಹುಮಾನ ಪಡೆಯುವವರು ಲೆಕ್ಕ ಬಲ್ಲ ಮಕ್ಕಳು. ಅಭ್ಯಾಸದ ಅಗತ್ಯವಿರುವುದು ಸ್ಪರ್ಧೆಗೆ ಹೆಸರು ಕೊಡದ ಮಕ್ಕಳಿಗೆ.

ಶಾಲೆಗೆ ಭೇಟಿ ನೀಡಿದಾಗ ಮಗುವನ್ನು ಎದ್ದು ನಿಲ್ಲಿಸಿ ‘ಏಳರ ಮಗ್ಗಿ ಹೇಳು’ ಎನ್ನುವುದು ನಮ್ಮಲ್ಲಿ ರೂಢಿ. ಅದರ ಬದಲು ಪಕ್ಕದಲ್ಲಿ ಕುಳಿತು, ‘35 ಬೀಜಗಳನ್ನು 7 ಜನರಿಗೆ ಹೇಗೆ ಹಂಚುವೆ, ತೋರಿಸು’ ಎಂದು ಕೇಳಬೇಕೆಂದು ಕೋರಲಾಗಿದೆ. ಮಗು ಬೀಜ ಮುಟ್ಟದೆಯೇ 5 ಎಂದು ಉತ್ತರಿಸತೊಡಗಿದಾಗ 36 ಬೀಜಗಳನ್ನು ಕೊಟ್ಟು, ಉಳಿದ ಒಂದನ್ನು ಏನು ಮಾಡುವೆಯೆಂದು ಕೇಳಬಹುದು.