ಪ್ರೊಜೆಕ್ಟರಿಗೆ ಏರುವ ಮುನ್ನ

ಫಿಲ್ಮ್ ಡಬ್ಬದ ಮೇಲಿನ ಚೀಟಿಯನ್ನು ಅನುಭವಸ್ಥ ಆಪರೇಟರುಗಳು ನಂಬುವುದಿಲ್ಲ. ‘ಪ್ರಿಂಟ್ ಚೆನ್ನಾಗಿದೆ’ ಎಂದು ಬರೆದಿರುತ್ತದೆ. ನೋಡಿದವರು ಯಾರು, ಯಾವಾಗ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಮೂರನೇ ರೀಲಿನ ಡಬ್ಬದಲ್ಲಿ ಒಂಬತ್ತನೆಯದು ಕೂತಿರಬಹುದು, ಬೇರೆ ಸಿನಿಮಾವೇ ಇರಬಹುದು. ಅದಕ್ಕೇ ಪ್ರದರ್ಶನಕ್ಕೆ ಮುಂಚೆ ಪ್ರತಿ ರೀಲನ್ನೂ ಮೇಜಿನ ಮೇಲೆ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ ನೋಡುವ ಪದ್ಧತಿ ಬೆಳೆಯಿತು. ನಮ್ಮ ಚಿತ್ರಮಂದಿರಗಳೆಲ್ಲ ಡಿಜಿಟಲ್ ಆದ ಮೇಲೂ ಫಿಲ್ಮ್ ಸಂಗ್ರಹಾಲಯಗಳಲ್ಲಿ ಈ ಕಸುಬು ಉಳಿದಿದೆ. ಉಳಿಯಲೇಬೇಕು, ಏಕೆಂದರೆ ನಮ್ಮ ಸಿನಿಮಾದ ಬಹುಪಾಲು ಇತಿಹಾಸ ಇರುವುದು ಆ ಡಬ್ಬಗಳಲ್ಲೇ.

35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳಿರುತ್ತವೆ. ಒಂದೊಂದು ಚಿತ್ರಕ್ಕೂ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ತೂತು. ಸಾವಿರ ಅಡಿಯ ಒಂದು ರೀಲೆಂದರೆ 16,000 ಚಿತ್ರ, ಒಂದು ಅಂಚಿಗೇ 64,000 ತೂತು. ಅದು ತೆರೆಯ ಮೇಲೆ ಓಡುವುದು ಸುಮಾರು ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ರೀಲು ಬೇಕು. ಫಿಲ್ಮ್ ಸರಾಗವಾಗಿ ಹರಿಯುತ್ತದೆಂದು ನಮಗೆ ಅನ್ನಿಸುತ್ತದೆ. ದೀಪದ ಮುಂದೆ ಅದು ಸೆಕೆಂಡಿಗೆ 24 ಬಾರಿ ನಿಂತು, 24 ಬಾರಿ ಎಳೆಸಿಕೊಳ್ಳುತ್ತದೆ. ಚಕ್ರದ ಹಲ್ಲುಗಳು ಎಳೆಯುವುದು ಆ ತೂತುಗಳನ್ನು ಹಿಡಿದೇ. ಒಂದರ ಅಂಚು ಸೀಳಿದ್ದರೆ ಅಲ್ಲಿಂದಲೇ ಹರಿಯಬಹುದು.

ಪರೀಕ್ಷೆ ಶುರುವಾಗುವುದು ಮೂಗಿನಿಂದ. ಮುಚ್ಚಳ ತೆಗೆದ ಕೂಡಲೇ ವಿನಿಗರ್ ವಾಸನೆ ಹೊಡೆದರೆ ಅಸಿಟೇಟ್ ಫಿಲ್ಮ್ ಕೊಳೆಯಲು ತೊಡಗಿದೆ ಎಂದರ್ಥ. ಬಿಸಿ, ತೇವದಲ್ಲಿ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತೆ ಕೊಳೆತವನ್ನು ಚುರುಕುಗೊಳಿಸುತ್ತದೆ, ಪಕ್ಕದ ಡಬ್ಬಗಳಿಗೂ ತಗಲುತ್ತದೆ. ಅಂಥ ರೀಲನ್ನು ಮೊದಲು ಬೇರೆಡೆಗೆ ಸಾಗಿಸಬೇಕು.

ಆಮೇಲೆ ಎರಡು ರಿವೈಂಡರ್‌ಗಳ ನಡುವೆ ಫಿಲ್ಮ್ ಹಾಯಿಸಿ ನಿಧಾನವಾಗಿ ಸುತ್ತುತ್ತಾರೆ. ಹತ್ತಿಯ ಕೈಗವಸು ಹಾಕಿದ ಹೆಬ್ಬೆರಳು, ತೋರುಬೆರಳು ಎರಡೂ ಅಂಚನ್ನು ಮೆತ್ತಗೆ ಹಿಡಿದಿರುತ್ತವೆ. ಸೀಳಿದ ತೂತಿನ ಮೊನಚು ಗವಸಿನ ದಾರಕ್ಕೆ ಸಿಕ್ಕಿ ಚುರ್ ಎನ್ನುತ್ತದೆ. ತಕ್ಷಣ ನಿಲ್ಲಿಸಿ, ಕೆಳಗಿನ ಬೆಳಕಿನ ಗಾಜಿನ ಮೇಲೆ ಭೂತಗನ್ನಡಿ ಇಟ್ಟು ನೋಡಬೇಕು. ಹಳೆಯ ಜಾಯಿಂಟುಗಳು ಸಿಕ್ಕಾಗ ಒಂದೊಂದನ್ನೂ ಸ್ವಲ್ಪ ಬಗ್ಗಿಸಿ ಅಂಟು ಬಿಟ್ಟಿದೆಯೇ ನೋಡುತ್ತಾರೆ. ಅಸಿಟೇಟ್ ಆದರೆ ಫಿಲ್ಮ್ ಸಿಮೆಂಟ್ ಎಂಬ ಅಂಟಿನಲ್ಲಿ ಅಂಟಿಸಬಹುದು. ಪಾಲಿಯೆಸ್ಟರ್‌ಗೆ ಅದು ಹತ್ತುವುದಿಲ್ಲ, ಟೇಪೇ ಬೇಕು. ಯಾವುದು ಎಂದು ತಿಳಿಯಲು ಸುತ್ತಿದ ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿದರೆ ಸಾಕು. ಪಾಲಿಯೆಸ್ಟರ್ ಸುರುಳಿ ಒಳಗಿನಿಂದ ಹೊಳೆಯುತ್ತದೆ, ಅಸಿಟೇಟ್ ಕತ್ತಲಾಗಿ ಕಾಣುತ್ತದೆ. ಪಾಲಿಯೆಸ್ಟರ್ ಸುಲಭಕ್ಕೆ ಹರಿಯದು. ಅದೇ ಅದರ ಅಪಾಯ ಕೂಡ: ಎಲ್ಲಾದರೂ ಸಿಕ್ಕಿಕೊಂಡರೆ ಫಿಲ್ಮಿನ ಬದಲು ಪ್ರೊಜೆಕ್ಟರಿನ ಭಾಗ ಮುರಿಯಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಫಿಲ್ಮ್ ಕುಗ್ಗಿದೆಯೇ ಎಂಬ ಲೆಕ್ಕ. ಹೊಸ ಫಿಲ್ಮಿನಲ್ಲಿ ನೂರು ತೂತುಗಳ ಉದ್ದ 475 ಮಿಲಿಮೀಟರ್. ಹೊಸ ತುಂಡೊಂದನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಹಳೆಯದನ್ನು ಮೊದಲ ತೂತಿಗೆ ಸರಿಯಾಗಿ ಕೂಡಿಸಿ ಎಣಿಸುತ್ತಾ ಹೋದರೆ, ನೂರನೆಯದರ ಹೊತ್ತಿಗೆ ಹಳೆಯದು ಒಂದು ತೂತಿನಷ್ಟು ಹಿಂದೆ ಬಿದ್ದಿದ್ದರೆ ಅದು ಶೇಕಡ ಒಂದರಷ್ಟು ಕುಗ್ಗಿದೆ. ಕಣ್ಣಿಗೆ ಇದು ಏನೇನೂ ಅಲ್ಲ. ಉಕ್ಕಿನ ಹಲ್ಲಿಗೆ ಮಾತ್ರ ಅದು ದೊಡ್ಡ ವ್ಯತ್ಯಾಸ. ಅಷ್ಟು ಕುಗ್ಗಿದ ಪ್ರಿಂಟನ್ನು ಸಾಮಾನ್ಯ ಪ್ರೊಜೆಕ್ಟರಿಗೆ ಹಾಕಬಾರದು. ಅಳೆಯದೆ ಓಡಿಸುವುದನ್ನು ನಾನಂತೂ ಅಪರಾಧವೆಂದೇ ಎಣಿಸುತ್ತೇನೆ.

ಗೀರುಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ಬೆನ್ನಿನ ಕಡೆಯ ಗೀರು ತೆರೆಯ ಮೇಲೆ ಕಪ್ಪು ಗೆರೆಯಾಗಿ ಬೀಳುತ್ತದೆ. ಕಲರ್ ಪ್ರಿಂಟಿನಲ್ಲಿ ಚಿತ್ರವಿರುವ ಕಡೆ ಗೀರಿದರೆ ಮೊದಲು ಹಸಿರು, ಇನ್ನೂ ಆಳಕ್ಕಿಳಿದರೆ ಹಳದಿ, ಎಲ್ಲ ಪದರವೂ ಕಿತ್ತುಹೋದರೆ ಬಿಳಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಲ್ಲಿ ಓಡಿದ ಪ್ರಿಂಟು ಜಿಲ್ಲೆ, ತಾಲ್ಲೂಕು ದಾಟಿ ಟೂರಿಂಗ್ ಟಾಕೀಸಿನ ಟೆಂಟಿಗೆ ಬರುವಷ್ಟರಲ್ಲಿ ತೆರೆಯ ತುಂಬ ಮಳೆ ಸುರಿಯುತ್ತಿತ್ತು. ಹಳ್ಳಿಯ ಪ್ರೇಕ್ಷಕರು ಆ ಮಳೆಯಲ್ಲೇ ಸಿನಿಮಾ ನೋಡಿ ಪ್ರೀತಿಸಿದರು. ನನಗೆ ಗೀರಿಗಿಂತ ಕತ್ತರಿಯದೇ ಚಿಂತೆ. ರೀಲಿನ ಹರಿದ ತುದಿಗಳನ್ನು ಪ್ರತಿ ಊರಿನಲ್ಲೂ ಒಂದಿಷ್ಟು ಕತ್ತರಿಸುತ್ತಿದ್ದರು, ಜನ ಎದ್ದು ಹೋಗುವ ಹಾಡನ್ನೇ ತೆಗೆದುಹಾಕಿದ್ದೂ ಉಂಟು. ಆದ್ದರಿಂದ ರೀಲಿನ ಉದ್ದವನ್ನು ಸೆನ್ಸಾರ್ ಪ್ರಮಾಣಪತ್ರದಲ್ಲಿರುವ ಮೀಟರಿನ ಲೆಕ್ಕದ ಜೊತೆ ತಾಳೆ ನೋಡಬೇಕು. ರೀಲಿನ ಕೊನೆಯಲ್ಲಿ, ಚಿತ್ರದ ಬಲ ಮೇಲ್ಮೂಲೆಯಲ್ಲಿ ಎರಡು ಸಲ ಮಿಂಚುವ ಗುರುತುಗಳು ಉಳಿದಿವೆಯೇ ಎಂದೂ ನೋಡಬೇಕು. ಮೊದಲನೆಯದು ಕಂಡಾಗ, ಮುಂದಿನ ರೀಲು ಏರಿಸಿಟ್ಟ ಎರಡನೇ ಪ್ರೊಜೆಕ್ಟರಿನ ಮೋಟಾರು ಶುರು. ಸುಮಾರು ಏಳು ಸೆಕೆಂಡು ಕಳೆದು ಎರಡನೆಯದು ಕಂಡಾಗ ಚೇಂಜ್ ಓವರ್.

ಬಣ್ಣ ಮಾಸಿದ್ದರೆ ಮೇಜಿನ ಮೇಲೆ ಮಾಡುವಂಥದ್ದೇನೂ ಇಲ್ಲ. ಎಪ್ಪತ್ತರ ದಶಕದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಛಾಯೆ ಮೊದಲು ಅಳಿದು, ಆಕಾಶ, ಮರ, ಮುಖ ಎಲ್ಲವೂ ಗುಲಾಬಿಗೆ ತಿರುಗಿರುತ್ತವೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದರ ಇನ್ನೊಂದು ಪ್ರತಿ ಇದೆಯೇ? ಇಲ್ಲವೆಂದಾದರೆ ಪ್ರಿಂಟ್ ಎಷ್ಟೇ ಗಟ್ಟಿಯಾಗಿದ್ದರೂ ಓಡಿಸಬಾರದು. ಪ್ರತಿ ಓಟದಲ್ಲೂ ಫಿಲ್ಮ್ ಸವೆಯುತ್ತದೆ. ಜನರಿಗೆ ತೋರಿಸುವ ಪ್ರತಿ ಬೇರೆ, ಕಾಪಿಡುವ ಪ್ರತಿ ಬೇರೆ ಎಂಬುದು ಸಂಗ್ರಹಾಲಯಗಳ ಮೂಲ ನಿಯಮ. ಹಾಗೆಂದು ಎಲ್ಲವನ್ನೂ ಬೀಗದೊಳಗೆ ಇಡಬೇಕೆಂದಲ್ಲ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಡಬ್ಬಗಳನ್ನು ಕಾಪಾಡಿದ್ದಷ್ಟೇ ಅಲ್ಲ, ಜಗತ್ತಿನ ಶ್ರೇಷ್ಠ ಚಿತ್ರಗಳು ಹೆಗ್ಗೋಡಿನ ನೀನಾಸಂವರೆಗೂ ಬರುವಂತೆ ಮಾಡಿದರು. ಮಲೆನಾಡಿನ ರೈತರು ‘ಬೈಸಿಕಲ್ ಥೀವ್ಸ್’ ನೋಡಿದ್ದು ಹಾಗೆ.

ಕಾಪಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ನೋವಿನ ಉದಾಹರಣೆಯಿದೆ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮಗೆ ನೋಡಲು ಸಿಗುವುದಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಆ ಗತಿ ಬರಲಿಲ್ಲ, ಅದರ ಫಿಲ್ಮ್ ಉಳಿದಿದ್ದರಿಂದಲೇ ಪುನರುಜ್ಜೀವನ ಸಾಧ್ಯವಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು.

ಮುಚ್ಚಿದ ಟಾಕೀಸುಗಳ ಕೋಣೆಯಲ್ಲಿ, ನಿರ್ಮಾಪಕರ ಮನೆಯ ಅಟ್ಟದಲ್ಲಿ ಇನ್ನೂ ಡಬ್ಬಗಳಿರಬಹುದು. ಸಿಕ್ಕರೆ ಓಡಿಸಿ ನೋಡುವ ಆಸೆ ಬೇಡ. ಒತ್ತಾಯದಿಂದ ಬಿಚ್ಚುವುದೂ ಬೇಡ. ಐವತ್ತರ ದಶಕಕ್ಕಿಂತ ಹಿಂದಿನದಾದರೆ ಅದು ನೈಟ್ರೇಟ್ ಫಿಲ್ಮ್ ಆಗಿರಬಹುದು. ಅದಕ್ಕೆ ಬೆಂಕಿ ತಗಲಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬಿಸಿಲು, ಬೆಂಕಿಯಿಂದ ದೂರ, ತಣ್ಣನೆಯ ಒಣ ಜಾಗದಲ್ಲಿಟ್ಟು, ಡಬ್ಬದ ಮೇಲಿನ ಬರಹದ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಚೀಟಿ ಹರಿದಿದ್ದರೂ ಕೀಳಬೇಡಿ. ರೀಲಿನ ಸಂಖ್ಯೆ ಅದರಲ್ಲೇ ಇರಬಹುದು.