ಕೈಗೆ ತಕ್ಕ ಗಿಟಾರು

ನಮ್ಮ ಪಾಠಶಾಲೆಯನ್ನು ಬಿಟ್ಟು, ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿರುವರು: “ಅಮ್ಮನವರೇ, ಮಗಳು ಗಿಟಾರು ಕಲಿಯಬೇಕೆನ್ನುತ್ತಾಳೆ. ಅಂಗಡಿಯದನ್ನೇ ಕೊಳ್ಳೋಣವೇ, ಹೇಳಿ ಮಾಡಿಸೋಣವೇ?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವುದಕ್ಕಿಂತ, ಈ ಸಂಚಿಕೆಯಲ್ಲಿ ಎಲ್ಲರಿಗೂ ಒಟ್ಟಾಗಿ ಉತ್ತರ ಕೊಡುವುದು ಲೇಸೆಂದು ತೋರಿತು.

ಗಿಟಾರು ದೇವಾಲಯಕ್ಕೆ ತಕ್ಕ ವಾದ್ಯವೇ ಎಂದು ಸಂದೇಹಪಡುವ ಹಿರಿಯರು ಒಂದು ಸಂಗತಿಯನ್ನು ನೆನೆಯಬೇಕು. ಕ್ರಿಸ್‌ಮಸ್ ರಾತ್ರಿ ಲೋಕವೆಲ್ಲ ಹಾಡುವ ‘ಸೈಲೆಂಟ್ ನೈಟ್’ ಗೀತವನ್ನು 1818ರ ಡಿಸೆಂಬರ್ 24ರಂದು ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲು ಹಾಡಿದಾಗ, ಅದಕ್ಕೆ ಜೊತೆಗೂಡಿದ ವಾದ್ಯ ಗಿಟಾರೇ ಆಗಿತ್ತು.

ಆದರೆ ನಮ್ಮ ಚಿಂತೆ ಬೇರೊಂದು. ಆಸೆಯಿಂದ ಗಿಟಾರನ್ನು ಹಿಡಿದ ಬಾಲೆಯರಲ್ಲಿ ಅನೇಕರು ಕೆಲವೇ ತಿಂಗಳುಗಳಲ್ಲಿ ಅದನ್ನು ಮೂಲೆಗೆ ಒರಗಿಸುವರು. “ಬೆರಳು ಎಟುಕುವುದಿಲ್ಲ, ತುದಿ ನೋಯುತ್ತದೆ” ಎಂದು ಹುಡುಗಿ ಹೇಳಿದರೆ, “ನಿನಗೆ ಸಂಗೀತ ಒಲಿಯಲಿಲ್ಲ” ಎಂದು ಮನೆಯವರು ತೀರ್ಪು ಕೊಡುವರು. ಇಂಥ ತೀರ್ಪನ್ನು ಹೆಣ್ಣುಮಕ್ಕಳು ಬೇಗನೆ ನಂಬುವರು; ಒಂದು ವಿಷಯದಲ್ಲಿ ನಂಬಿದವಳು ಮತ್ತೊಂದರಲ್ಲಿಯೂ ನಂಬುವಳು. ಆದಕಾರಣ ದೋಷವು ಕೈಯದೋ ವಾದ್ಯದ ಅಳತೆಯದೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಸ್ಪೇನ್ ದೇಶದ ಆಂಟೋನಿಯೊ ಡಿ ಟೊರೆಸ್ (1817–1892) ಎಂಬ ಶಿಲ್ಪಿಯ ಗಿಟಾರುಗಳನ್ನು ಮಾದರಿಯಾಗಿಟ್ಟುಕೊಂಡು, ನುಡಿಯುವ ತಂತಿಯ ಉದ್ದ 650 ಮಿಲಿಮೀಟರೆಂಬುದು ಲೋಕರೂಢಿಯಾಯಿತು. ಈ ಅಳತೆಯಲ್ಲಿ ಬಿರಡೆಗಳ ಕಡೆಯ ಕಟ್ಟೆಯಿಂದ ನಾಲ್ಕನೆಯ ಮೆಟ್ಟಿಲಿಗೆ ಸುಮಾರು 134 ಮಿಲಿಮೀಟರು. ತಂತಿಯ ಉದ್ದವನ್ನು 610ಕ್ಕೆ ಇಳಿಸಿದರೆ ಅದೇ ದೂರ 126 ಆಗುವುದು. ಎಂಟು ಮಿಲಿಮೀಟರೆಂದರೆ ಅಲ್ಪವೆಂದು ತೋರಬಹುದು. ಚಾಚಿ ಚಾಚಿ ಸೋತ ಕಿರುಬೆರಳಿಗೆ ಅದು ಅಲ್ಪವಲ್ಲ. ಅದಲ್ಲದೆ, ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಎಳೆತವು ನೂರಕ್ಕೆ 12ರಷ್ಟು ಕಡಮೆಯಾಗುವುದು. ನಾದ ಕೊಂಚ ತಗ್ಗಬಹುದು. ತುಸು ದಪ್ಪನೆಯ ತಂತಿ ಹಾಕಿ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಕಟ್ಟೆಯ ಬಳಿ ದಂಡಿಯ ಅಗಲ ಸಾಮಾನ್ಯವಾಗಿ 52 ಮಿಲಿಮೀಟರು. ಸಣ್ಣ ಕೈಗೆ 48 ಸಾಕು.

ತಂತಿಯಲ್ಲಿ ಎರಡು ಬಗೆ. ಉಕ್ಕಿನ ಆರು ತಂತಿಗಳು ಕೂಡಿ ಸುಮಾರು 70 ಕಿಲೋಗ್ರಾಂ ಭಾರದಷ್ಟು ಎಳೆಯುವುವು. ನೈಲಾನ್ ತಂತಿಗಳು ಸುಮಾರು 40ರಷ್ಟು. ಒಂದಕ್ಕಾಗಿ ಕಟ್ಟಿದ ವಾದ್ಯಕ್ಕೆ ಮತ್ತೊಂದನ್ನು ಬಿಗಿಯಲಾಗದು. ನೈಲಾನಿನ ಗಿಟಾರಿಗೆ ಉಕ್ಕನ್ನು ಬಿಗಿದರೆ ಮೇಲ್ಹಲಗೆ ಉಬ್ಬಿ ಕುದುರೆ ಕಿತ್ತುಬರುವುದು. ಹೀಗಾಗಿ ಇದನ್ನು ಮಾಡಿಸುವ ಮುನ್ನವೇ ನಿಶ್ಚಯಿಸತಕ್ಕದ್ದು.

ಹೇಳಿ ಮಾಡಿಸುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ವೀಣೆ ಶೇಷಣ್ಣನವರ (1852–1926) ಕೀರ್ತಿಯಿಂದ ಬೆಳಗಿದ ಈ ಮೈಸೂರು ಸೀಮೆಯಲ್ಲಿ, ಹಲಸಿನ ಮರದ ವೀಣೆಯನ್ನು ಬಡಗಿಗೆ ಹೇಳಿ ಮಾಡಿಸುವುದು ರೂಢಿಯೇ. ದೊಡ್ಡಬಳ್ಳಾಪುರದ ಸೀಮೆಯ ಸಿಂಪಾಡಿಪುರವು ವೀಣೆ ಮಾಡುವವರ ಊರೆಂದೇ ಹೆಸರಾಗಿದೆ. ಗಿಟಾರನ್ನು ಕೈಯಿಂದಲೇ ಮಾಡುವ ಶಿಲ್ಪಿಗಳು ಬೆಂಗಳೂರಿನಲ್ಲಿಯೂ ಪುದುಚೇರಿಯ ಸಮೀಪದ ಆರೋವಿಲ್ಲಿನಲ್ಲಿಯೂ ಇದ್ದಾರೆ. ಅವರಿಗೆ ಬರೆಯುವ ಪತ್ರದಲ್ಲಿ ಇಷ್ಟು ವಿಷಯಗಳಿರಬೇಕು: ನುಡಿಸುವವಳ ವಯಸ್ಸು ಮತ್ತು ಎತ್ತರ, ಕೈಯನ್ನು ಅಗಲಿಸಿದಾಗ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಅಳತೆ, ತಂತಿಯ ಬಗೆ, ಹಾಡಿಗೆ ಜೊತೆಯಾಗಿ ನುಡಿಸುವಳೋ ಗಿಟಾರನ್ನೇ ನುಡಿಸುವಳೋ ಎಂಬುದು, ಮುಂಗಡವೆಷ್ಟು, ಉಳಿದದ್ದು ಯಾವಾಗ, ಕೆಲಸ ಮುಗಿಯುವ ಅವಧಿಯೆಷ್ಟು, ಒಡಕು ಬಂದರೆ ಸರಿಪಡಿಸುವ ಹೊಣೆ ಯಾರದು ಎಂಬುದು. ಬಾಯಿಮಾತಿನಲ್ಲಿ ಬಿಟ್ಟ ವಿಷಯವೇ ತರುವಾಯ ಜಗಳಕ್ಕೆ ಕಾರಣವಾಗುವುದು.

ಇನ್ನು ಮರದ ಮಾತು. ಗಿಟಾರಿನ ಮೇಲ್ಹಲಗೆಗೆ ಶೀತದೇಶಗಳ ಸ್ಪ್ರೂಸ್ ಅಥವಾ ಸೀಡರ್ ಮರವನ್ನು ಬಳಸುವರು. ಅದು ಹಗುರ, ಆದರೂ ಗಟ್ಟಿ. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವುದು ಅದೇ. ಬೆನ್ನಿಗೂ ಪಕ್ಕಗಳಿಗೂ ಲೋಕವೆಲ್ಲ ಮೆಚ್ಚಿದ ಮರಗಳಲ್ಲಿ ನಮ್ಮ ಬೀಟೆ ಒಂದು. ಬ್ರೆಜಿಲಿನ ಬೀಟೆ ದುರ್ಲಭವಾದಾಗ, ಅಮೆರಿಕದ ಮಾರ್ಟಿನ್ ಸಂಸ್ಥೆಯವರು 1969ರಲ್ಲಿ ಭಾರತದ ಬೀಟೆಗೆ ತಿರುಗಿದರು. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಿನಲ್ಲಿ ತೇಗ, ಹೊನ್ನೆ, ಮತ್ತಿಗಳ ನಡುವೆ ಬೆಳೆಯುವ ಮರದ ಜಾತಿಯೇ ಕಡಲಾಚೆಯ ಹಾಡುಗಾರರ ತೋಳಿನಲ್ಲಿರುವುದೆಂಬುದು ನಮ್ಮ ಮಕ್ಕಳು ತಿಳಿಯಬೇಕಾದ ಸಂಗತಿ.

ಇದರಿಂದಲೇ ಬೀಟೆಗೆ ಅಪಾಯವೂ ಉಂಟಾಯಿತು. ವಿನಾಶಕ್ಕೆ ಸಮೀಪಿಸಿದ ಜೀವಜಾತಿಗಳ ವ್ಯಾಪಾರವನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದಂತೆ ಬ್ರೆಜಿಲಿನ ಬೀಟೆಯ ವ್ಯಾಪಾರವು 1992ರಲ್ಲಿ ನಿಷಿದ್ಧವಾಯಿತು. 2017ರಲ್ಲಿ ಬೀಟೆಯ ಕುಲವೆಲ್ಲ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ನಮ್ಮಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಮರ ಕಡಿಯುವಂತಿಲ್ಲ. ಸ್ವಂತ ಜಮೀನಿನ ಬೀಟೆಯನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. “ಮರಕ್ಕೆ ರಸೀದಿ ಉಂಟೇ?” ಎಂದು ಶಿಲ್ಪಿಯನ್ನು ಕೇಳಲು ಸಂಕೋಚಪಡಬೇಡಿರಿ. ಕದ್ದ ಮರದ ವಾದ್ಯದಿಂದ ದೇವರ ಸ್ತೋತ್ರ ಮಾಡುವುದು ನಮಗೆ ಒಪ್ಪದು. ಹಳೆಯ ಮನೆಗಳಲ್ಲಿ ಮುರಿದ ಮಂಚವೋ ಬೀರುವೋ ಬೀಟೆಯದಾಗಿದ್ದರೆ ಅದನ್ನು ಸೌದೆಗೆ ಹಾಕದೆ ಶಿಲ್ಪಿಗೆ ತೋರಿಸಿರಿ. ಬೆನ್ನಿಗೆ ಸುಮಾರು 55 ಸೆಂಟಿಮೀಟರು ಉದ್ದ, 20 ಅಗಲದ ಎರಡು ಹಲಗೆಗಳೂ, ಪಕ್ಕಗಳಿಗೆ 80 ಉದ್ದ, 12 ಅಗಲದ ಎರಡು ಪಟ್ಟಿಗಳೂ ಬಿರುಕಿಲ್ಲದೆ ಸಿಕ್ಕಿದರೆ ಸಾಕು. ವರ್ಷಾಂತರ ಒಣಗಿದ ಮರವು ವಾದ್ಯಕ್ಕೆ ಬಲು ಒಳ್ಳೆಯದು.

ಒಣಗಿದ ಮರವೇ ಏಕೆಂದರೆ, ಮೇಲ್ಹಲಗೆಯನ್ನು ಎರಡು ಮೂರು ಮಿಲಿಮೀಟರಿನಷ್ಟು ತೆಳುವಾಗಿಯೂ ಪಕ್ಕಗಳನ್ನು ಎರಡು ಮಿಲಿಮೀಟರಿನಷ್ಟು ತೆಳುವಾಗಿಯೂ ಹೆರೆಯುವರು. ಪಕ್ಕದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ ಬಿಸಿ ಕೊಳವೆಯ ಮೇಲೆ ಮೆಲ್ಲಮೆಲ್ಲನೆ ಬಗ್ಗಿಸುವರು. ಅವಸರಪಟ್ಟರೆ ಮರ ಮುರಿಯುವುದು. ಹಲಗೆಯ ಒಳಮೈಗೆ ಅಂಟಿಸುವ ಸಣ್ಣ ಕಡ್ಡಿಗಳನ್ನು, ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತ ಕೇಳುತ್ತ ತಿದ್ದುವರು. ಹೀಗೆ ಒಂದು ವಾದ್ಯಕ್ಕೆ ತಿಂಗಳುಗಳೇ ಹಿಡಿಯುವುವು. ಮುಂದಿನ ಹಬ್ಬಕ್ಕೆ ಬೇಕೆಂದು ಅವಸರಪಡಿಸಬಾರದು. ಮನೆಗೆ ಬಂದ ಮೇಲೆಯೂ, ಬೇಸಗೆಯಲ್ಲಿ ಒಣಗಾಳಿಯಿಂದಲೂ ಮಳೆಗಾಲದಲ್ಲಿ ಥಂಡಿಯಿಂದಲೂ ಅದನ್ನು ಕಾಯಬೇಕು. ಪೆಟ್ಟಿಗೆಯಲ್ಲಿಡಿರಿ, ಒಲೆಯ ಗೋಡೆಗೆ ಒರಗಿಸಬೇಡಿರಿ.

ಇಷ್ಟೆಲ್ಲ ಕೆಲಸಕ್ಕೆ ಬೆಲೆಯೂ ಅಂಗಡಿಯ ವಾದ್ಯಕ್ಕಿಂತ ಅನೇಕ ಪಾಲು ಹೆಚ್ಚಾಗಿರುವುದು ಸಹಜ. ಆದಕಾರಣ ನಮ್ಮ ಅಭಿಪ್ರಾಯವಿದು. ಹೊಸದಾಗಿ ಕಲಿಯುವ ಹುಡುಗಿಗೆ, ಮುಕ್ಕಾಲು ಅಳತೆಯದೆಂದು ಅಂಗಡಿಯಲ್ಲಿ ದೊರೆಯುವ, ತಂತಿಯ ಉದ್ದ 580 ಮಿಲಿಮೀಟರಿನ ಆಸುಪಾಸಿನ, ನೈಲಾನಿನ ಗಿಟಾರು ಸಾಕು. ಸಾಲಮಾಡಿ ಮಾಡಿಸುವ ಅಗತ್ಯವಿಲ್ಲ. ಎರಡು ವರ್ಷ ಬಿಡದೆ ನುಡಿಸಿ, ಬೆಳೆದ ಕೈಗೂ ದೊಡ್ಡ ಗಿಟಾರು ಒಗ್ಗದಿದ್ದರೆ ಆಗ ಮಾಡಿಸುವ ವಿಚಾರ ಮಾಡಿರಿ. ನಾಲ್ಕು ಮನೆಗಳು ಕೂಡಿ ಒಂದನ್ನು ಮಾಡಿಸಿದರೂ ಆಗಬಹುದು. ಅಕ್ಕನಿಂದ ತಂಗಿಗೆ, ಒಂದು ಮನೆಯಿಂದ ಮತ್ತೊಂದಕ್ಕೆ ಅದು ನಡೆದೀತು.

ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನೀವೆಲ್ಲರೂ ಈ ಶಾಲೆಯಲ್ಲಿ ಓದಿದ್ದೀರಿ. ಆ ಆಳು ತಾನೇ ಹೂತಿಟ್ಟನು. ನಮ್ಮ ಮಕ್ಕಳದನ್ನು ನಾವು ಹೂತಿಡುವವರಾಗಬಾರದು. ಶಿಲ್ಪಿಗೆ ಬರೆಯುವ ಪತ್ರವನ್ನು ತಂದೆಯೋ ತಾಯಿಯೋ ಬರೆಯದೆ, ನುಡಿಸುವವಳೇ ತನ್ನ ಕೈಯನ್ನು ತಾನೇ ಅಳೆದು ಬರೆಯಲಿ. ತನಗೆ ಬೇಕಾದುದನ್ನು ಅಳತೆಗೊಳಿಸಿ, ಸ್ಪಷ್ಟವಾಗಿ, ವಿನಯದಿಂದ ಕೇಳುವುದೂ ಒಂದು ವಿದ್ಯೆಯೇ.